ಬದು ಇಲ್ಲದ ಜಗಳ

ನಾನು ಸರ್ವೆಗೆ ಹೋದರೆ ಅಕ್ಕಪಕ್ಕದ ಹೊಲದವರು ಮೊದಲೇ ಬಂದು ಬದುವಿನ ಮೇಲೆ ನಿಂತಿರುತ್ತಾರೆ. ಟೇಪು ಹಿಡಿಯುವವರೂ ಅವರೇ, ನನ್ನನ್ನು ಬೈಯುವವರೂ ಅವರೇ. ಬಾಗೂರಿನ ಹತ್ತಿರ ಒಂದು ಕೆರೆಯ ಕೆಳಗೆ ಮಾತ್ರ ನನಗಾಗಿ ಕಾಯುತ್ತಿದ್ದವರು ತಿಪ್ಪಣ್ಣ ಒಬ್ಬರೇ.

ತೂಬಿನ ನೀರು ಎಲ್ಲರಿಗೂ ಸಿಗಲೆಂದು ಹಿಂದಿನವರು ಉದ್ದುದ್ದ ಪಟ್ಟಿಗಳಾಗಿ ಹಂಚಿಕೊಂಡಿದ್ದ ಜಮೀನು ಅದು. ಒಬ್ಬೊಬ್ಬರೇ ಮಾರಿ ಊರು ಬಿಟ್ಟರು. ಎಲ್ಲವನ್ನೂ ಕೊಂಡ ತಿಪ್ಪಣ್ಣ ಜೆಸಿಬಿ ತರಿಸಿ ಬದುಗಳನ್ನು ಕೀಳಿಸಿದ್ದರು. ಈಗ ಎಲ್ಲ ಸೇರಿಸಿ ಒಂದೇ ಸರ್ವೆ ನಂಬರ್ ಮಾಡಿಸಬೇಕಿತ್ತು. ಅದಕ್ಕೆ ಮುಂಚೆ ಪ್ರತಿ ಪಟ್ಟಿಯನ್ನೂ ಅಳೆಯಬೇಕು. ಬದುಗಳಿದ್ದ ಕಡೆಯೆಲ್ಲ ಗರಿಕೆ ಇನ್ನೂ ಸಾಲುಸಾಲಾಗಿ ಚಿಗುರಿತ್ತು. ಆ ಸಾಲು ಬಂದಾಗೆಲ್ಲ ತಿಪ್ಪಣ್ಣ ಸಮ ನೆಲದ ಮೇಲೂ ಕಾಲೆತ್ತಿ ದಾಟುತ್ತಿದ್ದರು.

"ಪಕ್ಕದವರು ಯಾರ್ರಿ?" ಎಂದು ರೂಢಿಯಂತೆ ಕೇಳಿದೆ.

"ನಾನೇ."

"ಆ ಕಡೆ?"

"ಅದೂ ನಾನೇ ರೀ. ಮೊದ್ಲು ಇಲ್ಲಿ ಒಂದು ಗೇಣು ಜಾಗಕ್ಕೆ ದಿನಾ ಕಿತ್ತಾಡ್ತಿದ್ವಿ. ಈಗ ಕೂಗಿದ್ರೂ ಯಾರೂ ಓ ಅನ್ನಲ್ಲ."

ಟೇಪಿನ ಆ ತುದಿ ಹಿಡಿಯಲು ಪಕ್ಕದ ಹೊಲದವರಿಲ್ಲದೆ ಗೂಟಕ್ಕೆ ಸಿಕ್ಕಿಸಿದೆ. ಅಳೆದು ಮುಗಿಸಿ ಟೇಪು ಸುತ್ತಿಕೊಳ್ಳುವಾಗ ತಿಪ್ಪಣ್ಣನವರ ದನಿ ಒಮ್ಮೆಲೇ ಏರಿತು.

"ಏನ್ರಿ, ಆ ಪಟ್ಟಿಗೆ ಒಂದು ಗೇಣು ಜಾಸ್ತಿ ಬಿಟ್ಟೀರಲ್ಲ!"

"ಅದೂ ನಿಮ್ಮದೇ ಅಲ್ವೇನ್ರಿ?"

"ನಂದಾದ್ರೆ? ಸುಮ್ನೆ ಬಿಡಾಕಾಗುತ್ತಾ? ಇನ್ನೊಂದ್ಸಲ ಹಿಡೀರಿ."

ಆ ಮುಖದಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಕಳೆ ಬಂದಿತ್ತು. ನಾನೂ ಬಿಡಲಿಲ್ಲ. "ನನ್ನ ಅಳತೆ ಸರಿಯಾಗೇ ಐತೆ" ಎಂದು ಜೋರಾಗಿ ಜಗಳಕ್ಕೆ ನಿಂತೆ. ನಾನು ಹಿಡಿಯಬೇಕಿದ್ದ ಹೊಸದುರ್ಗದ ಬಸ್ಸು ಹೋಗಿಯೇ ಬಿಟ್ಟಿತು. ಗೇಣಿನ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ.