ಡಬ್ಬಿಗಳ ಸಾಲು

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನಲ್ಲಿ, ಬುದ್ಧಿಮಾಂದ್ಯರೆಂದು ಕರೆಸಿಕೊಳ್ಳುತ್ತಿದ್ದ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಊರಲ್ಲಿ ನನಗೆ ಬೇರೆ ಯಾರ ಪರಿಚಯವೂ ಇರಲಿಲ್ಲ. ಸಾಲಿನಲ್ಲಿ ಕಾಯಲು ಕಲಿಸಿದ್ದು ಒಂದೇ ನಿಯಮ: ಮುಂದಿನವರ ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು, ಅವರು ಸರಿದರೆ ಸರಿಯಬೇಕು.

ಒಬ್ಬ ಹುಡುಗಿಯ ತಾಯಿ ಹತ್ತಿ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದಳು. ಮಗಳೇ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ದೀಪಕ್ಕೆ ಚಿಮಣಿ ಎಣ್ಣೆ ತರುವಂತಾದರೆ ತಾಯಿಗೆ ಕೂಲಿ ತಪ್ಪುತ್ತಿರಲಿಲ್ಲ. ಅವಳು ಹೋದ ಮೊದಲ ದಿನ ನೋಡಲು ನಾನೂ ಹೋದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಬಿಸಿಲಲ್ಲಿ ಡಬ್ಬಿಗಳಷ್ಟೇ ಸಾಲಾಗಿದ್ದವು. ಜನ ಬೇವಿನ ನೆರಳಲ್ಲಿ ಕೂತಿದ್ದರು. ಹೀಗೆ ಡಬ್ಬಿ ಇಟ್ಟು ಕಾಯುವುದನ್ನು ನಾನು ಕಲಿಸಿರಲಿಲ್ಲ. ಹುಡುಗಿ ಬಾಗಿ, ಮುಂದಿನ ಡಬ್ಬಿಯ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಏ ಯವ್ವಾ, ನೆಳ್ಳಿಗಿ ಬಾ. ಡಬ್ಬಿಗಿ ಕಾಲು ಬಂದಾವೇನು?” ಎಂದು ಒಬ್ಬಾಕೆ ಕೂಗಿದಳು. ಎಲ್ಲರೂ ನಕ್ಕರು.

“ಸರ್ ಹೇಳ್ಯಾರ,” ಎಂದಳು ಹುಡುಗಿ, ಕೈ ತೆಗೆಯದೆ.

ನಾನು ಹೋಗಿ ಅವಳ ಹಿಂದೆ ನಿಂತೆ. ನನ್ನ ಕೈಯನ್ನು ಅವಳೇ ಎಳೆದು ತನ್ನ ಹೆಗಲ ಮೇಲೆ ಇಟ್ಟುಕೊಂಡಳೆಂದು ನೆನಪು. ಅದನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಅಂಗಡಿ ತೆರೆಯಿತು, ಡಬ್ಬಿಗಳು ಸರಿದವು, ನಾವೂ ಸರಿದೆವು. ಅವಳು ಎಣ್ಣೆ ತುಂಬಿಸಿಕೊಂಡು ತಿರುಗಿ ನೋಡದೆ ಮನೆಗೆ ಹೊರಟಳು.

“ನಿಮ್ಮ ಡಬ್ಬಿ ಎಲ್ಲೈತ್ರೀ ಸರ್?” ಎಂದು ಅಂಗಡಿಯವನು ಕೇಳಿದ.