ರಿಪೇರಿ ಮಾಡಿಸಿದ ಸಾಕ್ಷಿ

ಸತ್ತವರ ವಿಷಯದಲ್ಲಿ ಪರ-ವಿರೋಧ ಎಂದು ಎರಡು ಪಕ್ಷ ಇರುವುದಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಅದೇ ದೊಡ್ಡ ಅಡಚಣೆ. ಆದರೂ ತೊಂಬತ್ತರ ದಶಕದ ಶುರುವಿನಲ್ಲಿ, ಕಾಲೇಜಿನ ಕೊನೆಯ ವರ್ಷ, ಕಬ್ಬಿನ ಟ್ರ್ಯಾಕ್ಟರುಗಳಿಗೆ ಸಿಕ್ಕು ಸತ್ತ ಸೈಕಲ್ ಸವಾರರ ನೆನಪಿಗೆ ನಾವು ಗೆಳೆಯರು ಚಿಕ್ಕೋಡಿಯಿಂದ ನಿಪ್ಪಾಣಿಗೆ ಸೈಕಲ್ ಜಾಥಾ ಹೊರಡಿಸಿದೆವು. ಸಮಾರಂಭದ ಕುರ್ಚಿ, ಮೈಕು ಬಂದದ್ದು ಕಬ್ಬಿನ ಟ್ರೇಲರಿನಲ್ಲೇ. ಅದಕ್ಕೆ ಹಿಂದಿನ ದೀಪವಿರಲಿಲ್ಲ. ಹಗಲುಹೊತ್ತು ದೀಪ ಯಾಕೆ ಎಂದು ವಾದಿಸಿ ಗೆದ್ದವನು ನಾನು.

ಸತ್ತವನದೇ ಒಂದು ಸೈಕಲ್ಲು ಮುಂದೆ ಇರಬೇಕೆಂಬ ಯೋಚನೆಯೂ ನನ್ನದೇ. ಕಬ್ಬೂರಿನ ಹಾಲಿನವನೊಬ್ಬನ ಸೈಕಲ್ಲು ಕೇಸಿನ ಸಾಕ್ಷಿಯಾಗಿ ಚಿಕ್ಕೋಡಿ ಠಾಣೆಯ ಹಿಂದೆ ಬಿದ್ದಿತ್ತು. ಅವನ ಹೆಂಡತಿ ಎಂಟು ತಿಂಗಳಿಂದ ಅದನ್ನು ಕೇಳುತ್ತಿದ್ದಳು. "ಸಾಹೇಬ್ರಿಲ್ಲ" ಎನ್ನುವುದೊಂದೇ ಉತ್ತರ. ಅಷ್ಟು ದಿನವೂ ಆಕೆ ಹಾಲಿನ ಕ್ಯಾನು ತಲೆಯ ಮೇಲೆ ಹೊತ್ತು ಡೇರಿಗೆ ನಡೆದಳು. ನಮ್ಮ ಸಮಾರಂಭದ ಮುಖ್ಯ ಅತಿಥಿಗಳು ಠಾಣೆಗೆ ಎರಡು ಸಾಲು ಚೀಟಿ ಬರೆದುಕೊಟ್ಟರು. ಸೈಕಲ್ಲು ಅರ್ಧ ತಾಸಿನಲ್ಲಿ ಹೊರಗೆ ಬಂತು. ಸಂಜೆಯೊಳಗೆ ತಂದೊಪ್ಪಿಸುತ್ತೇನೆಂದು ನಾನು ಸಹಿ ಹಾಕಿದೆ.

ಒಂದೇ ತೊಡಕು: ಮುಂದಿನ ಗಾಲಿ ಕರಿದ ಹಪ್ಪಳದಂತೆ ಡೊಂಕಾಗಿತ್ತು. ಪಂಕ್ಚರ್ ಅಂಗಡಿಯವನು ಬೇರೆ ಗಾಲಿ ಕೂಡ್ರಿಸಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕು ಬಿಗಿದುಕೊಟ್ಟ. ಮಾಲೆ ಹಾಕಿಕೊಂಡು ಅದು ಎಷ್ಟು ಹಗುರಾಗಿ ಓಡಿತೆಂದರೆ, ನಿಪ್ಪಾಣಿ ಮುಟ್ಟುವವರೆಗೆ ನನಗೆ ದುಃಖಿಸುವುದೇ ಮರೆತುಹೋಗಿತ್ತು.

ಮಧ್ಯಾಹ್ನ ಮರಳಿ ಬಂದಾಗ ಹಾಲಿನವನ ಹೆಂಡತಿ ಸುದ್ದಿ ಕೇಳಿ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಹವಾಲ್ದಾರ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ.

"ಏನಪಾ ಇದು? ಬುಕ್ಕಿನ್ಯಾಗ ಮುಂದಿನ ಗಾಲಿ ಡೊಂಕು ಅಂತ ಐತಿ. ಇದು ನೆಟ್ಟಗೈತಿ!"

"ರಿಪೇರಿ ಮಾಡಿಸೀವ್ರಿ."

"ಸಾಕ್ಷಿ ಯಾರರ ರಿಪೇರಿ ಮಾಡಸ್ತಾರೇನೋ ಶಾಣ್ಯಾ? ನಾಳೆ ಕೋರ್ಟಿನ್ಯಾಗ ವಕೀಲ ಆಕ್ಸಿಡೆಂಟೇ ಆಗಿಲ್ಲ ಅಂತಾನ. ಹೆಂಗಿತ್ತೋ ಹಂಗ ಡೊಂಕ ಮಾಡಕೊಂಡ ಬಾ."

"ಸರ್, ಇದರಾಗ ಎರಡು ಅಂಶ ಅದಾವು. ಮೊದಲನೇದು..."

"ತಮ್ಮಾ," ಎಂದಳು ಆಕೆ, "ನಿನ್ನ ಅಂಶ ಮುಗಿಯೂದ್ರಾಗ ಎಮ್ಮಿ ಹಿಂಡೂ ಹೊತ್ತ ಮೀರತೈತಿ. ಆ ಡೊಂಕ ಗಾಲಿ ಎಲ್ಲೈತಿ?"

"ಪಂಕ್ಚರ್ ಅಂಗಡ್ಯಾಗ, ಅಕ್ಕಾ."

"ತೊಗೊಂಡ ಬಾ, ಹೋಗ."

ಓಡಿಹೋಗಿ ತಂದೆ. ಆಕೆ ಅದನ್ನು ಹವಾಲ್ದಾರನ ಟೇಬಲ್ಲಿನ ಮೇಲಿಟ್ಟಳು. "ಟ್ರ್ಯಾಕ್ಟರ್ ಹಾದದ್ದು ಇದರ ಮ್ಯಾಲ. ಡೊಂಕಾದದ್ದು ನೀವು ಇಟಗೋರಿ, ನೆಟ್ಟಗಿದ್ದದ್ದು ನಂಗ ಕೊಡ್ರಿ."

"ಸಾಹೇಬ್ರು ಕೇಳಿದ್ರ ಏನ ಹೇಳ್ಲಿ ಯವ್ವಾ?"

"ಎಂಟ ತಿಂಗಳಿಂದ ಸಾಹೇಬ್ರಿಲ್ಲ ಅಂತೀರಿ. ಇಲ್ಲದವ್ರು ಏನ ಕೇಳ್ತಾರ್ರಿ?"

ಹವಾಲ್ದಾರ ನನ್ನ ಕಡೆ ನೋಡಿದ. ಪ್ರತಿವಾದವೊಂದು ಹೊಳೆದಿದ್ದರೆ ಚಟಕ್ಕೆ ಬಿದ್ದು ಹೇಳಿಯೇ ಬಿಡುತ್ತಿದ್ದೆನೋ ಏನೋ. ಅವನು ಬುಕ್ಕನ್ನು ನನ್ನತ್ತ ತಳ್ಳಿದ. "ಡೊಂಕು ಗಾಲಿ ಒಂದು, ಒಪ್ಪಿಸಿದ್ದೇನೆ" ಎಂದು ಬರೆದು ಸಹಿ ಹಾಕಿದೆ.

ತಲೆ ಎತ್ತುವಷ್ಟರಲ್ಲಿ ಆಕೆ ಸೈಕಲ್ಲನ್ನು ಅಂಗಳಕ್ಕೆ ಇಳಿಸಿ, ಹಿಂದಿನ ಕ್ಯಾರಿಯರ್ ಮೇಲೆ ಎರಡೂ ಕೈಯೂರಿ ಮೈಭಾರವೆಲ್ಲ ಹಾಕಿ ಅದುಮಿ ನೋಡುತ್ತಿದ್ದಳು.

"ಎರಡ ಕ್ಯಾನ ತಡೀತೈತಿ," ಎಂದು ತನಗೆ ತಾನೇ ಹೇಳಿಕೊಂಡು, ಕಬ್ಬೂರಿನ ದಾರಿಗೆ ತಳ್ಳಿಕೊಂಡು ಹೋದಳು.