ಚೆನ್ನಾಗಿದ್ದೇನೆ ಎನ್ನುವ ಅತ್ತೆ

ನಮ್ಮತ್ತೆ ಅಕೀಲಾ ಕಿತ್ತಳೆ ಹೂವಿನ ನೀರು ಬಟ್ಟಿ ಇಳಿಸುವುದರಲ್ಲಿ ಎತ್ತಿದ ಕೈ. ಅವರ ಹೂನೀರು ನಮ್ಮೂರಾದ ಕಾನ್‌ಸ್ಟಾಂಟಿನ್‌ನಿಂದ ರಾಜಧಾನಿ ಅಲ್ಜೀರ್ಸ್‌ವರೆಗೂ ಹೋಗುತ್ತದೆ. ವಸಂತದಲ್ಲಿ ತಾಮ್ರದ ಹಂಡೆಯ ಮುಂದೆ ಕೂತು ಓಣಿಯ ಹೆಂಗಸರಿಗೆಲ್ಲ ಜೋರು ಮಾಡುವವರು. ಆದರೆ ಹೇಗಿದ್ದೀರಿ ಎಂದರೆ ಒಂದೇ ಮಾತು: "ಹಮ್ದುಲ್ಲಾ, ಚೆನ್ನಾಗಿದೀನಿ." ದೇವರಿಗೆ ಸ್ತುತಿ ಹೇಳಬೇಕೇ ಹೊರತು, ಅವನು ಕೊಟ್ಟದ್ದಕ್ಕೆ ಗೊಣಗಬಾರದಂತೆ. ಗಂಡ ಸತ್ತ ದಿನವೂ ಹಾಗೇ ಅಂದಿದ್ದರು, ಪುಣ್ಯಾತ್ಗಿತ್ತಿ!

ಅತ್ತೆಗೆ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು, ರೇಡಿಯೇಷನ್‌ಗೆ ಕಾಯುತ್ತಿದ್ದೆವು. ಯಂತ್ರ ಒಂದು, ಕಾಯುವವರು ನೂರಾರು. ಮೊದಲೆಲ್ಲ ಹೆಸರು ಬರೆಸಿದ ಕ್ರಮದಲ್ಲೇ ಕರೆಯುತ್ತಿದ್ದರು. ಈಗ ಆಸ್ಪತ್ರೆಯ ನರ್ಸ್ ಸಬ್ರೀನಾ ಪ್ರತಿ ಸೋಮವಾರ ಫೋನಿನಲ್ಲಿ ವಿಚಾರಿಸಿ, ಉತ್ತರಗಳನ್ನು ಕಂಪ್ಯೂಟರಿಗೆ ತುಂಬುತ್ತಾಳೆ. ಅದು ವರದಿಗಳನ್ನೂ ಸೇರಿಸಿ ಲೆಕ್ಕ ಹಾಕಿ, ಯಾರಿಗೆ ಅವಸರವೋ ಅವರನ್ನು ಮುಂದಕ್ಕೆ ತರುತ್ತದೆ.

ಅತ್ತೆಯ ಸರದಿ ಮಾತ್ರ ಹಿಂದೆ ಹಿಂದೆ ಜಾರುತ್ತಿತ್ತು. ಅವರಿಗಿಂತ ಆಮೇಲೆ ಹೆಸರು ಬರೆಸಿದ ಪಕ್ಕದ ಬೀದಿಯವಳಿಗೆ ಚಿಕಿತ್ಸೆ ಮುಗಿದೇ ಹೋಯಿತು. ಕಾಯುವಷ್ಟರಲ್ಲಿ ಆ ರೋಗ ಎಲ್ಲೆಲ್ಲಿಗೆ ಹಬ್ಬುತ್ತದೋ!

ಒಂದು ಸೋಮವಾರ ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

"ನೋವಿದೆಯಾ, ಅಮ್ಮ?"

"ಹಮ್ದುಲ್ಲಾ, ಏನಿಲ್ಲ ಮಗಳೇ."

"ನಿದ್ದೆ ಬರುತ್ತಾ?"

"ಹಮ್ದುಲ್ಲಾ."

"ಊಟ?"

"ನಿಂದಾಯ್ತಾ?"

ಹಿಂದಿನ ರಾತ್ರಿಯಿಡೀ ಗೋಡೆ ಹಿಡಿದು ಕೂತಿದ್ದ ಹೆಂಗಸು! ನನಗೆ ಮೈ ಉರಿದುಹೋಯಿತು. ಫೋನು ಕಿತ್ತುಕೊಂಡು ಕೈ ಅಡ್ಡ ಹಿಡಿದೆ.

"ಅತ್ತೆ, ಆ ಕಂಪ್ಯೂಟರಿಗೆ ನಿಮ್ಮ ಹಮ್ದುಲ್ಲಾ ಅರ್ಥ ಆಗಲ್ಲ! ಆರಾಮಾಗಿದಾಳೆ, ಕಾಯಲಿ ಬಿಡು ಅಂತ ಹಿಂದಕ್ಕೆ ತಳ್ಳುತ್ತೆ. ನಿಜ ಹೇಳಿ!"

"ಬಾಯ್ಮುಚ್ಚೇ! ದೇವರು ಕೇಳಿಸ್ಕೋತಾನೆ."

"ದೇವರಿಗೆ ಗೊತ್ತಿದೆ. ಸಬ್ರೀನಾಗೆ ಗೊತ್ತಿಲ್ಲ. ನಂಗೆ ಭಯ ಆಗ್ತಿದೆ ಅತ್ತೆ." ಅತ್ತೇಬಿಟ್ಟೆ.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಫೋನು ಇಸಿದುಕೊಂಡು, ಕದ್ದ ಮಾಲು ಒಪ್ಪಿಸುವವರಂತೆ ಪಿಸುಗುಟ್ಟಿದರು: "ಬೆನ್ನುಮೂಳೆ ಕಿತ್ತು ಬರ್ತಿದೆ ಮಗಳೇ. ಬೆಳಿಗ್ಗೆಯಿಂದ ಕಾಲು ಜೋಮು ಹಿಡಿದ ಹಾಗಿದೆ."

ಆ ಕಡೆ ಕೀಲಿಮಣೆಯ ಸದ್ದು. ಸಬ್ರೀನಾಳ ದನಿಯೇ ಬದಲಾಗಿತ್ತು. "ಅಮ್ಮ, ಈಗಲೇ ಹೊರಡಿ. ನಡೀಬೇಡಿ, ಎತ್ಕೊಂಡು ಬರೋಕೆ ಹೇಳಿ. ಪಟ್ಟಿಯಲ್ಲಿ ನಿಮ್ಮ ಹೆಸರೇ ಈಗ ಮೊದಲು ಬಂದಿದೆ."

ನಾನು ಬೇಡಿಕೊಂಡಿದ್ದೂ ಅದನ್ನೇ ಅಲ್ಲವೇ? ಆದರೂ ಖುಷಿಯಾಗಲಿಲ್ಲ. ಸುಮ್ಮಸುಮ್ಮನೆ ಯಾರನ್ನೂ ಮೊದಲಿಗೆ ತರುವುದಿಲ್ಲ ಆ ಕಂಪ್ಯೂಟರು; ರೋಗ ಬೆನ್ನುಮೂಳೆಗೆ ಹಬ್ಬಿರಬೇಕು. ನನ್ನ ಗಂಡನಿಗೆ ಕಾರು ತರಲು ಕೂಗಿ, ಅತ್ತೆಯ ಕಾಲ ಬಳಿ ಕುಕ್ಕರಿಸಿದೆ.

"ಬೇಗ ಚಪ್ಪಲಿ ಹಾಕೇ," ಎಂದರು ಅತ್ತೆ, ತಲೆವಸ್ತ್ರ ಸರಿಮಾಡಿಕೊಳ್ಳುತ್ತ. "ಇನ್ನೂ ಏನು ಮಾಡ್ತಿದೀಯ ಅಲ್ಲಿ?"

ನಾನು ಅವರ ಎರಡೂ ಕಾಲಿಗೆ ಚಪ್ಪಲಿ ಹಾಕಿ ಆಗಿತ್ತು. ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ.